ಬಂದರು ಡಾಕ್ಟರು

ಮೊನ್ನೆ ಬೆಳಿಗ್ಗೆ ಜಗಲಿಯ ತುದಿಯಲ್ಲಿ ಕೂತು ಹಲ್ಲಿನ ಸೆಟ್ಟು ತೊಳೆದುಕೊಳ್ಳುತ್ತಿದ್ದೆ. ತಲೆಯ ಮೇಲೆ ಮೈಕು ಕಟ್ಟಿಕೊಂಡ ಆಟೋ ಒಂದು ರಸ್ತೆಯಲ್ಲಿ ನಿಧಾನವಾಗಿ ಬಂತು. ಚುನಾವಣೆಯವರಿರಬೇಕು, ಇಲ್ಲವೇ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರು ಅಂದುಕೊಂಡೆ. ಎರಡೂ ಅಲ್ಲ. ಮೊದಲೇ ರೆಕಾರ್ಡು ಮಾಡಿಟ್ಟ ಒಬ್ಬಳು ಹುಡುಗಿಯ ಧ್ವನಿ: "ಕಾಡಂಚಿನ ಸಾರ್ವಜನಿಕರ ಗಮನಕ್ಕೆ. ಎಲ್ಲಾದರೂ ಮಂಗ ಸತ್ತು ಬಿದ್ದಿರುವುದು ಕಂಡರೆ ದಯವಿಟ್ಟು ಮುಟ್ಟಬೇಡಿ. ಕೂಡಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ."

ಹಲ್ಲು ಕೈಯಲ್ಲೇ ಹಿಡಿದುಕೊಂಡು ಆಟೋ ತಿರುವು ದಾಟುವವರೆಗೂ ಕೇಳಿದೆ. ಮೂರು ಸಲ ಹೇಳಿದಳು. ಮೂರು ಸಲವೂ 'ತಿಳಿಸಿ' ಎಂದಳು. ಒಂದು ಸಲವೂ 'ತಲುಪಿಸಿ' ಎನ್ನಲಿಲ್ಲ. ಇದರಲ್ಲಿ ಏನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ಆ ಎರಡು ಪದಗಳ ನಡುವೆ ಬಿದ್ದು ಒಬ್ಬ ಮನುಷ್ಯ ಪ್ರಾಣ ಕಳೆದುಕೊಂಡ, ಇನ್ನೊಬ್ಬರು ಹೆಸರು ಕಳೆದುಕೊಂಡರು. ಪದ ಬರೆದವನು ನಾನು. ಈ ಮಾತನ್ನು ಹೋಗಿ ಹೇಳಲೇಬೇಕಾಗಿದ್ದ ಮನೆಯೊಂದಿತ್ತು. ನಮ್ಮ ಪೇಟೆಯಿಂದ ಐದೇ ಮೈಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾನು ಆ ದಾರಿ ತುಳಿಯಲಿಲ್ಲ.

ಅರವತ್ತರ ದಶಕದ ಮಾತು. ಸಾಗರದಿಂದ ಹೊಸನಗರದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಪೇಟೆ ನಮ್ಮದು. ಹೆಸರು ಹೇಳುವುದಿಲ್ಲ, ಬಲ್ಲವರು ಊಹಿಸಿಕೊಳ್ಳಲಿ. ನಾನು ಅಲ್ಲಿ ಪಂಚಾಯಿತಿಯ ಗುಮಾಸ್ತ. ವಯಸ್ಸು ಇಪ್ಪತ್ತನಾಲ್ಕು. ಆಗಷ್ಟೇ ಕನ್ನಡದ 'ಜಾಣ' ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ನನ್ನ ಜಾಣತನಕ್ಕೆ ಸರ್ಟಿಫಿಕೇಟಿದೆ ಎನ್ನುವುದು ಊರಿಗೆಲ್ಲ ಗೊತ್ತಿರಲಿ ಎಂದು ಅದಕ್ಕೆ ಕಟ್ಟು ಹಾಕಿಸಿ ಕಚೇರಿಯಲ್ಲೇ ತೂಗುಹಾಕಿದ್ದೆ. 'ಬೀದಿ ನಾಯಿ' ಎಂದು ಬರೆಯಬೇಕಾದ ಕಡೆ 'ಅನಾಥ ಶ್ವಾನ' ಎಂದು ಬರೆಯುವುದು, 'ಚರಂಡಿ ಕಟ್ಟಿದೆ' ಎನ್ನುವುದಕ್ಕೆ 'ಜಲನಿರ್ಗಮನ ಮಾರ್ಗವು ಅವರುದ್ಧವಾಗಿದೆ' ಎನ್ನುವುದು, ಇದು ನನ್ನ ಆ ಕಾಲದ ಕಸುಬು. ಅಧ್ಯಕ್ಷರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದರಿಂದಲೇ ಗೌರವ ಕೊಡುತ್ತಿದ್ದರು.

ಅಂಥ ಊರಿಗೆ ಡಾಕ್ಟರು ಬಂದರು. ಘಟ್ಟದ ಕೆಳಗಿನ ಒಂದು ಬಂದರು ಪಟ್ಟಣದವರು. ಐವತ್ತರ ಆಸುಪಾಸು, ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಪೇಟೆಯ ಮಧ್ಯೆ ಹಂಚಿನ ಅಂಗಡಿಯೊಂದನ್ನು ಹಿಡಿದು ಷಾಪು ತೆರೆದರು. ಡಾಕ್ಟರ ಜಾಗವನ್ನು ನಾವು ಆಗ ಷಾಪು ಅಂತಲೇ ಅನ್ನುತ್ತಿದ್ದದ್ದು. ಅವರ ಹೆಸರು ಬೋರ್ಡಿನ ಮೇಲೆ ಇತ್ತು, ಯಾರ ಬಾಯಲ್ಲೂ ಇರಲಿಲ್ಲ. ಮಾತು ಮಾತಿಗೂ "ನಮ್ಮ ಬಂದರಿನಲ್ಲಿ ಹೀಗಲ್ಲ ಮಾರಾಯ್ರೆ" ಎನ್ನುತ್ತಿದ್ದುದರಿಂದ ತಿಂಗಳೊಪ್ಪತ್ತಿನಲ್ಲಿ ಬಂದರು ಡಾಕ್ಟರು ಎಂದೇ ಆಗಿಹೋಯಿತು. ಛತ್ರಿ ಹಿಡಿದು ಅವರು ಬೀದಿಗಿಳಿದರೆ ಸ್ಕೂಲಿನ ಮಕ್ಕಳು "ಬಂದರು ಡಾಕ್ಟ್ರು ಬಂದ್ರು, ಬಂದ್ರು ಬಂದ್ರು" ಎಂದು ಕೂಗಿ ಓಡುತ್ತಿದ್ದವು. ಅವರಿಗೆ ಇದು ತುಂಬ ಇಷ್ಟವಾಗಿತ್ತು. "ನಿಮ್ಮ ವ್ಯಾಕರಣದಲ್ಲಿ ಇದಕ್ಕೆ ಎಂತ ಹೇಳ್ತಾರೆ ಗುಮಾಸ್ತರೇ?" ಎಂದು ಕೇಳಿದ್ದರು. ಶ್ಲೇಷೆ ಎಂದು ನಾನು ಹತ್ತು ನಿಮಿಷ ಪಾಠ ಮಾಡಿದೆ. ತಾಳ್ಮೆಯಿಂದ ಕೇಳಿ, "ನನಗೆ ಗೊತ್ತಿದ್ದ ಶ್ಲೇಷ್ಮ ಬೇರೆ, ಅದು ಮೂಗಿನಲ್ಲಿ ಬರ್ತದೆ" ಎಂದರು.

ತಮ್ಮ ಊರು ಬಿಟ್ಟು ಘಟ್ಟ ಹತ್ತಿದ್ದೇಕೆ ಎಂಬುದಕ್ಕೆ ಪೇಟೆಯಲ್ಲಿ ನಾಲ್ಕಾರು ಕಥೆಗಳಿದ್ದವು. ನನಗೆ ಅವರೇ ಹೇಳಿದ್ದು ಇಷ್ಟು. ದೋಣಿ ನಿಲ್ಲುವ ದಕ್ಕೆಯ ಪಕ್ಕ, ದೋಣಿಯವರೆಲ್ಲ ನೀರು ಕುಡಿಯುವ ಒಂದು ಬಾವಿ. ವರ್ಷ ವರ್ಷ ಅಲ್ಲಿಂದಲೇ ವಾಂತಿಭೇದಿ ಹಬ್ಬುತ್ತಿತ್ತು. ಬಾವಿ ಮುಚ್ಚಿಸಬೇಕು ಎಂದು ಇವರು ಹಟ ಹಿಡಿದರು. ಬಾವಿ ಒಬ್ಬ ದೊಡ್ಡ ಸಾಹುಕಾರನದು. "ಕಡೆಗೆ ಬಾವಿಗಿಂತ ಮೊದಲು ನನ್ನನ್ನೇ ಮುಚ್ಚಿದರು" ಎಂದು ನಗುತ್ತಿದ್ದರು. ನಗುವಾಗ ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು.

ಪಾಠ ಕಲಿತರೇ ಎಂದರೆ ಇಲ್ಲ. ನಮ್ಮ ಪೇಟೆಗೆ ಬಂದ ವಾರದಲ್ಲೇ ಛತ್ರಿಯ ತುದಿಯನ್ನು ಚರಂಡಿಗೆ ಅದ್ದಿ ಹೂಳಿನ ಆಳ ನೋಡಲು ಶುರು. ಬಾವಿಕಟ್ಟೆಗೆ ಹೋಗಿ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡುವುದು, ಮೂಸುವುದು, ಬ್ಲೀಚಿಂಗ್ ಪೌಡರು ಹಾಕಿಸುವುದು. ಹೆಂಗಸರು "ನೀರಿಗೆ ಔಸ್ತಿ ವಾಸ್ನೆ ಬರ್ತದೆ" ಎಂದು ಬೈದರೆ, "ಬೈಯಿರಿ ಅಕ್ಕಾ, ಬದುಕಿದ್ದು ಬೈಯಿರಿ" ಎನ್ನುತ್ತಿದ್ದರು. ಮೀಟಿಂಗು ನಡೆವ ದಿನ ಕರೆಯದಿದ್ದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುವರು. ಕಿಸೆಯಿಂದ ಒಂದು ಅರ್ಜಿ ತೆಗೆಯುವರು. ಅವರ ಕನ್ನಡ ಬರವಣಿಗೆ ಬಹಳ ಕಚ್ಚಾ. ಅದನ್ನು ತಿದ್ದಿ 'ಸರಿಯಾದ ಭಾಷೆ'ಗೆ ತರುವ ಕೆಲಸ ನನ್ನದು. ಸಂಜೆ ಕಚೇರಿ ಮುಗಿದ ಮೇಲೆ ಷಾಪಿನಲ್ಲಿ ಕೂತು ತಿದ್ದುತ್ತಿದ್ದೆ, ಅವರು ಸ್ಟೋವಿನ ಮೇಲೆ ಕಾಫಿ ಮಾಡುತ್ತಿದ್ದರು. ನನ್ನ ಅಪ್ಪನ ಜೊತೆ ನಾನು ಎಂದೂ ಅಷ್ಟು ಹೊತ್ತು ಕೂತು ಮಾತಾಡಿದವನಲ್ಲ. ಆ ಕಾಫಿಯ ರುಚಿ ಈಗಲೂ ನಾಲಿಗೆಯ ಮೇಲಿದೆ ಎಂದರೆ ನೀವು ನಂಬಬೇಕು. ಹೊಗೆ ವಾಸನೆಯ ಕೆಟ್ಟ ಕಾಫಿ.

ಒಂದು ವರ್ಷ ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಮಂಗಗಳು ಸಾಯತೊಡಗಿದವು. ಕಾಡಿಗೆ ಒಣ ಎಲೆ ಗುಡಿಸಲು ಹೋದವರು, ಸೌದೆಗೆ ಹೋದವರು ಜ್ವರ ಹಿಡಿದು ಮಲಗಿದರು. ತಲೆ ಸಿಡಿಯುವ ನೋವು, ಕಣ್ಣು ಕೆಂಡ, ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಸಾಗರ ಸೊರಬದ ಕಡೆ ಮೊದಲೇ ಕಾಣಿಸಿಕೊಂಡಿದ್ದ ಮಂಗನ ಕಾಯಿಲೆ ನಮ್ಮ ಕಾಡಿಗೂ ಕಾಲಿಟ್ಟಿತ್ತು. ಡಾಕ್ಟರು ಸಾಗರಕ್ಕೆ ಹೋಗಿ ಬಲ್ಲವರನ್ನು ಕೇಳಿ ಬಂದರು. ಮಂಗನ ಮೈಯಲ್ಲಿ ಇರುವ ಉಣುಗು, ಎಂದರೆ ರಕ್ತ ಹೀರುವ ಎಳ್ಳು ಗಾತ್ರದ ಹುಳ, ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಇಳಿದು ಬೇರೆ ಮೈ ಹುಡುಕುತ್ತದೆ. ಹತ್ತಿರ ಹೋದವರನ್ನು ಹತ್ತುತ್ತದೆ. "ಇದಕ್ಕೆ ಮದ್ದು ಇಲ್ಲ ಮಾರಾಯ್ರೆ. ಮುಟ್ಟದೆ ಇರುದೇ ಮದ್ದು" ಎಂದರು.

ನಮ್ಮಲ್ಲಿ ಮುಟ್ಟದೆ ಇರುವುದೇ ಕಷ್ಟ. ಮಂಗ ಎಂದರೆ ಹನುಮಂತ ದೇವರ ಅಂಶ. ಅಂಗಳದಲ್ಲಿ ಮಂಗ ಸತ್ತರೆ ಕೈಯಾರೆ ಎತ್ತಿ, ಬಿಳಿ ಬಟ್ಟೆ ಹೊದಿಸಿ, ಅರಿಶಿನ ಕುಂಕುಮ ಹಾಕಿ, ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುವ ಜನ. ಕೊಳೆಯಲು ಬಿಟ್ಟರೆ ಪಾಪ. ಅದಕ್ಕೇ ಡಂಗುರ ಹೊಡೆಸೋಣ ಎಂದು ಡಾಕ್ಟರು ಅಧ್ಯಕ್ಷರನ್ನು ಒಪ್ಪಿಸಿದರು. ಕಚೇರಿಗೆ ಬಂದು ಒಂದು ಚೀಟಿ ನನ್ನ ಮೇಜಿನ ಮೇಲಿಟ್ಟರು. ಪೆನ್ಸಿಲಿನಲ್ಲಿ, ಕೋಳಿ ಕೆದರಿದಂಥ ಅಕ್ಷರದಲ್ಲಿ ಹೀಗಿತ್ತು: "ಸತ್ತ ಮಂಗ ಕಂಡರೆ ಮುಟ್ಟಬೇಡಿ. ನನಗೆ ಹೇಳಿ. ನಾನೇ ಬರುತ್ತೇನೆ."

ಓದಿ ನನಗೆ ನಗು ಬಂತು. ಸರ್ಕಾರಿ ಡಂಗುರ ಹೀಗಿರುತ್ತದೆಯೇ? ಮನೆಯ ಹೆಂಗಸರು ಪಕ್ಕದ ಮನೆಗೆ ಹೇಳಿ ಕಳಿಸಿದ ಹಾಗಿತ್ತು. 'ನಾನೇ ಬರುತ್ತೇನೆ' ಎನ್ನುವುದನ್ನಂತೂ ಮೊದಲು ಹೊಡೆದುಹಾಕಿದೆ. 'ನಾನು' ಎನ್ನುವುದಕ್ಕೆ ಕಚೇರಿಯ ಭಾಷೆಯಲ್ಲಿ ಜಾಗವಿಲ್ಲ. ಆಮೇಲೆ ಒಳ್ಳೇ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದೆ: "ಮೃತ ವಾನರಗಳು ದೃಷ್ಟಿಗೋಚರವಾದಲ್ಲಿ, ಸ್ಪರ್ಶಿಸದೆ, ತತ್ಸಂಬಂಧ ವರ್ತಮಾನವನ್ನು ವಿಳಂಬವಿಲ್ಲದೆ ವೈದ್ಯರಿಗೆ ತಲುಪಿಸತಕ್ಕದ್ದು."

ಡಾಕ್ಟರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಚಂದ ಉಂಟು. ವಾನರ ಅಂದ್ರೆ ಜನಕ್ಕೆ ಗೊತ್ತಾಗ್ತದಾ?"

"ತಳವಾರ ಬಿಡಿಸಿ ಹೇಳ್ತಾನೆ ಸಾರ್. ಕಚೇರಿ ಭಾಷೆ ಹೀಗೇ ಇರಬೇಕು."

"ಹಾಗಾದ್ರೆ ಸರಿ" ಎಂದು ಸಹಿ ಹಾಕಿದರು.

ತಳವಾರ ದ್ಯಾವನಿಗೆ ಓದು ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಅವನು ಬಾಯಿಪಾಠ ಮಾಡುವುದು ವಾಡಿಕೆ. ಆ ದಿನ ಮೂರು ಸಲ ಹೇಳಿಕೊಟ್ಟೆ. ಅವನು ತಲೆಯಾಡಿಸಿ ತಮಟೆ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಅವನ ದನಿ ಕೇಳಿತು: "ಕೇಳ್ರಪ್ಪೋ ಕೇಳಿ! ಸತ್ತ ಮಂಗ ಕಣ್ಣಿಗ್ ಬಿದ್ರೆ ತಡ ಮಾಡ್ದೆ ಡಾಕ್ಟ್ರಿಗೆ ತಲುಪಿಸ್ಬೇಕಂತೆ, ಸರ್ಕಾರದ ಹುಕುಂ ಆಗೈತೆ!" ಅವನಿಗೆ ಅರ್ಥವಾಗದ ಸ್ಪರ್ಶಿಸದೆ, ತತ್ಸಂಬಂಧ, ವರ್ತಮಾನ ಎಲ್ಲವೂ ದಾರಿಯಲ್ಲೇ ಉದುರಿಹೋಗಿದ್ದವು. ಉಳಿದದ್ದು ಮಂಗ ಮತ್ತು ತಲುಪಿಸುವುದು.

ಇಲ್ಲಿ ಒಂದು ವಿಷಯ ನಿಮ್ಮಿಂದ ಮುಚ್ಚಿಡಬಾರದು. ನನಗೆ ಅದು ಸ್ಪಷ್ಟವಾಗಿ ಕೇಳಿಸಿತ್ತು. ತಪ್ಪು ಎಂದು ಗೊತ್ತಾಗಿತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ದ್ಯಾವನನ್ನು ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ನಾನು ಪಕ್ಕದ ಮೇಜಿನವನ ಕಡೆ ತಿರುಗಿ, "ಕೇಳಿದೆಯಾ? ನಾಳೆ ಡಾಕ್ಟರ ಮನೆ ಮುಂದೆ ಮಂಗಗಳ ಸಂತೆ" ಎಂದು ನಕ್ಕೆ. ಅವನೂ ನಕ್ಕ. ನಿಜವಾಗಿ ಯಾರಾದರೂ ಹೊತ್ತು ತರುತ್ತಾರೆ ಎಂದು ನನಗೆ ಅನಿಸಲೇ ಇಲ್ಲ.

ಗುತ್ಯಪ್ಪ ಹೊತ್ತು ತಂದ.

ಅವನು ಯಾರು ಎಂದು ಹೇಳಬೇಕು. ಶರಾವತಿಯ ನೀರು ಏರಿ ಊರು ಮುಳುಗಿದಾಗ ಮೇಲೆ ಬಂದು ಕಾಡಂಚಿನಲ್ಲಿ ಹೊಸದಾಗಿ ಗದ್ದೆ ಕಡಿದುಕೊಂಡಿದ್ದ ಮುಳುಗಡೆಯವರಲ್ಲಿ ಅವನೊಬ್ಬ. ಹೆಂಡತಿ ಹೂವಮ್ಮ, ಒಬ್ಬಳು ಮಗಳು, ಒಬ್ಬ ಮಗ. ನೀರು ಬರುತ್ತದೆ, ಜಾಗ ಬಿಡಿ ಎಂದು ಅವನ ಹಳೆಯ ಊರಿನಲ್ಲೂ ಡಂಗುರ ಹೊಡೆದಿದ್ದರಂತೆ. ಹೊಳೆ ಎಲ್ಲಾದರೂ ಗುಡ್ಡ ಹತ್ತುತ್ತದೆಯೇ ಎಂದು ಅವನು ನಂಬಿರಲಿಲ್ಲ. ಒಂದು ದಿನ ಕೊಟ್ಟಿಗೆಗೆ ನೀರು ಬಂತು. ಬತ್ತದ ಕಣಜ ಹೋಯಿತು, ಕಟ್ಟಿದ ಎಮ್ಮೆ ಹೋಯಿತು. ಆವತ್ತಿನಿಂದ ಗುತ್ಯಪ್ಪ ಡಂಗುರದ ಮಾತನ್ನು ಅಕ್ಷರ ಬಿಡದೆ ಕೇಳುವ ಮನುಷ್ಯನಾಗಿದ್ದ.

ಸಂತೆಯ ದಿನ, ಹತ್ತು ಗಂಟೆ ಹೊತ್ತು. ಷಾಪಿನ ಮುಂದೆ ಜನ ಸೇರಿದ್ದು ನೋಡಿ ನಾನೂ ಹೋದೆ. ಮೆಟ್ಟಿಲ ಮೇಲೆ ಗುತ್ಯಪ್ಪ ನಿಂತಿದ್ದ. ಹೆಗಲ ಮೇಲೆ ಹೊಸ ಪಂಚೆಯಲ್ಲಿ ಸುತ್ತಿದ ಗಂಟು. ಹಣೆಯ ಭಾಗಕ್ಕೆ ಕುಂಕುಮ ಇಟ್ಟಿದ್ದು ಬಟ್ಟೆಯ ಮೇಲೆಲ್ಲ ಮೆತ್ತಿಕೊಂಡಿತ್ತು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಪಂಚೆಯಂತೆ ಅದು. ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಕೆಳಗಿಳಿಸಿ, "ತಗಳಿ ಡಾಕ್ಟ್ರೇ, ನಮ್ ಹಿತ್ಲಾಗೆ ಬಿದ್ದಿತ್ರಾ. ತಡ ಮಾಡ್ಲಿಲ್ಲ, ಬೆಳಕು ಹರಿಯೂತ್ಲೆ ಹೊಂಟೆ" ಎಂದ.

ಡಾಕ್ಟರ ಮುಖ ಸುಣ್ಣದ ಹಾಗಾಯಿತು. "ತರ್ಲಿಕ್ಕೆ ಯಾರು ಹೇಳಿದ್ದು ಮಾರಾಯ?"

"ನೀವೇ ಅಲ್ರಾ? ಡಂಗುರ ಹೊಡ್ಸಿದ್ರಲ್ಲ. ತಲುಪಿಸ್ಬೇಕು ಅಂತ."

ಡಾಕ್ಟರು ಜನರನ್ನು ದೂರ ಅಟ್ಟಿ, ಗಂಟಿಗೆ ಸೀಮೆಎಣ್ಣೆ ಸುರಿದು ಹಿತ್ತಲಿನಲ್ಲಿ ಸುಟ್ಟರು. ಗುತ್ಯಪ್ಪನನ್ನು ಒಳಗೆ ಕರೆದು ಅಂಗಿ ಕಳಚಿಸಿದರು. ಕುತ್ತಿಗೆ, ಕಂಕುಳು, ಬೆನ್ನು, ಸೊಂಟದ ದಾರದ ಅಡಿ, ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಕಿತ್ತು ಬಾಟ್ಲಿಗೆ ಹಾಕಿದರು. ಗುತ್ಯಪ್ಪನಿಗೆ ಕಚಗುಳಿ. ಮೈ ಹಿಂಡಿಕೊಂಡು ನಗುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಅದೇ ಮಧ್ಯಾಹ್ನ ದ್ಯಾವನನ್ನು ಪಕ್ಕಕ್ಕಿಟ್ಟುಕೊಂಡು ತಾವೇ ಕೇರಿ ಕೇರಿಗೆ ನಡೆದರು. ತಮಟೆ ಅವನದು, ದನಿ ಇವರದು. "ಮುಟ್ಬೇಡಿ! ತರ್ಬೇಡಿ! ಹೇಳಿ ಕಳಿಸಿ, ನಾನೇ ಬರ್ತೇನೆ!" ಕರಾವಳಿಯ ರಾಗದ ಆ ಕೂಗಿಗೆ ಜನ ಬಾಗಿಲಿಗೆ ಬಂದು ನಕ್ಕರು. ಅರ್ಥ ಮಾತ್ರ ಎಲ್ಲರಿಗೂ ಆಯಿತು.

ಎಂಟನೆಯ ದಿನಕ್ಕೆ ಗುತ್ಯಪ್ಪನಿಗೆ ಜ್ವರ ಬಂತು.

ದಿನವೂ ಐದು ಮೈಲಿ ನಡೆದು ಹೋಗುತ್ತಿದ್ದರು ಡಾಕ್ಟರು. ಒಂದು ಭಾನುವಾರ ಅವರ ಚೀಲ ಹಿಡಿದುಕೊಂಡು ನಾನೂ ಹೋದೆ. ಸುಮ್ಮನೆ ಮನೆಯಲ್ಲಿ ಕೂರಲು ಆಗಲಿಲ್ಲ. ಸೋಗೆ ಹೊದೆಸಿದ ಬಿಡಾರ. ಬಾಗಿಲಲ್ಲಿ ಮಗಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಒಳಗೆ ಗುತ್ಯಪ್ಪ ಚಾಪೆಯ ಮೇಲೆ, ಒಸಡಿನಲ್ಲಿ ರಕ್ತ ಒಣಗಿ ತುಟಿ ಅಂಟಿಕೊಂಡಿತ್ತು. ಡಾಕ್ಟರು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅವನು ಕಣ್ಣು ಬಿಟ್ಟು, "ಡಾಕ್ಟ್ರೇ, ನಾ ತಂದಿದ್ದು ಉಪ್ಯೋಗಕ್ಕೆ ಬಂತ್ರಾ?" ಎಂದು ಕೇಳಿದ.

"ಬಂತು ಮಾರಾಯ. ತುಂಬ ಉಪಕಾರ ಆಯ್ತು."

ಗುತ್ಯಪ್ಪನಿಗೆ ಸಮಾಧಾನವಾದ ಹಾಗೆ ಕಂಡಿತು. ನಾನು ಚೀಲ ಅಲ್ಲೇ ಇಟ್ಟು ಹೊರಗೆ ಬಂದು ಗದ್ದೆಯ ಬದುವಿನ ಮೇಲೆ ಕೂತೆ. ಮೂರನೆಯ ದಿನ ಅವನು ತೀರಿಕೊಂಡ.

ಆಮೇಲೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಡಾಕ್ಟರು ಮಂಗಗಳನ್ನು ತರಿಸಿ ಏನೋ ಪ್ರಯೋಗ ಮಾಡುತ್ತಾರೆ, ಬಾಟ್ಲಿಯಲ್ಲಿ ಹುಳ ಸಾಕಿದ್ದಾರೆ, ಹನುಮಂತ ದೇವರನ್ನು ಸೀಮೆಎಣ್ಣೆ ಹಾಕಿ ಸುಟ್ಟ ಪಾಪ ಆ ಬಡವನಿಗೆ ಸುತ್ತಿಕೊಂಡಿತು ಎಂದೆಲ್ಲ ಸುದ್ದಿ ಎದ್ದಿತು. ಪಂಚಾಯಿತಿಯ ಮೀಟಿಂಗಿಗೆ ಮುಳುಗಡೆಯವರು ಗುಂಪಾಗಿ ಬಂದರು. ಹೂವಮ್ಮನೂ ಬಂದಿದ್ದಳು, ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಡಂಗುರದ ಒಕ್ಕಣೆ ಬರೆದಿದ್ದು ಯಾರು?" ಎಂದು ಕೇಳಿದರು.

ನಾನು ನಡಾವಳಿ ಬರೆಯುತ್ತ ಕೂತಿದ್ದೆ. ಡಾಕ್ಟರ ಪೆನ್ಸಿಲಿನ ಚೀಟಿ ನನ್ನ ಮೇಜಿನ ಡ್ರಾಯರಿನಲ್ಲಿ, ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಇತ್ತು. ಪೆನ್ನಿನ ತುದಿ ಕಾಗದಕ್ಕೆ ಒತ್ತಿ ಶಾಯಿ ಹರಡಿದ್ದು ನೆನಪಿದೆ. ನೌಕರಿ ಹೋದರೆ ಗತಿಯೇನು ಎಂದು ಯೋಚಿಸುತ್ತಿದ್ದೆ. ಬೇರೆ ಏನೂ ಯೋಚಿಸಲಿಲ್ಲ.

ಹಿಂದಿನ ಬೆಂಚಿನಿಂದ ಡಾಕ್ಟರು ಎದ್ದರು. "ನಾನೇ ಬರೆದದ್ದು. ಸಹಿ ನನ್ನದೇ ಉಂಟು, ನೋಡಿ. ಮಾತು ತಪ್ಪಿದೆ. ತಪ್ಪು ನನ್ನದು."

ಹೂವಮ್ಮ ಎದ್ದು ಅವರ ಹತ್ತಿರ ಬಂದು, ಅವರ ಕಾಲ ಬಳಿ ನೆಲಕ್ಕೆ ಉಗಿದಳು. ಹಾಗೇ ಹೊರಗೆ ಹೋದಳು. ನಾನು ನಡಾವಳಿಯಲ್ಲಿ 'ವೈದ್ಯರು ವಿಷಾದ ವ್ಯಕ್ತಪಡಿಸಿದರು' ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಷಾಪಿಗೆ ಜನ ಬರುವುದು ಕಡಿಮೆಯಾಯಿತು. ಮಕ್ಕಳು ಬಂದರು ಬಂದರು ಎಂದು ಕೂಗುವುದನ್ನು ಬಿಟ್ಟವು, ತಾಯಂದಿರು ಒಳಗೆ ಎಳೆದುಕೊಳ್ಳುತ್ತಿದ್ದರು. ಬಾವಿಗೆ ಪೌಡರು ಹಾಕಲು ಹೋದರೆ ಹೆಂಗಸರು ಕೊಡ ಅಡ್ಡ ಇಟ್ಟರು. ಆದರೂ ಅವರು ಜ್ವರ ಎಂದು ಕೇಳಿದ ಕಡೆಗೆಲ್ಲ ನಡೆದು ಹೋಗುತ್ತಿದ್ದರು. ಒಳಗೆ ಬಿಟ್ಟವರ ಮನೆಗೆ ಹೋದರು, ಬಿಡದವರ ಅಂಗಳದಿಂದ ಹಿಂತಿರುಗಿದರು. ನಾನು ಸಂಜೆ ಕಾಫಿಗೆ ಹೋಗುವುದನ್ನು ನಿಲ್ಲಿಸಿದೆ. ಅವರು ಕರೆಯಲಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ದಿನ ಷಾಪಿಗೆ ಬೀಗ ಬಿದ್ದಿತ್ತು. ಮೈಗೆ ಹುಷಾರಿಲ್ಲ, ಊರಿಗೆ ಹೋದರು ಎಂದು ಪಕ್ಕದ ಅಂಗಡಿಯವರು ಹೇಳಿದರು.

ಎರಡು ವರ್ಷ ಬಿಟ್ಟು ನಾನು ಅವರನ್ನು ನೋಡಲು ಹೋದೆ. ತೀರ್ಥಹಳ್ಳಿಗೆ ಹೋಗಿ, ಆಗುಂಬೆಯಲ್ಲಿ ಸಣ್ಣ ಬಸ್ಸು ಹಿಡಿದು ಘಾಟಿ ಇಳಿದೆ. ದಕ್ಕೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಎಲ್ಲಿ ನೋಡಿದರೂ ಒಣಮೀನಿನ ವಾಸನೆ. ಡಾಕ್ಟರು ಸೊರಗಿ ಇಳಿದುಹೋಗಿದ್ದರು. ನನ್ನನ್ನು ಕಂಡು ಮುಖ ಅರಳಿಸಿ ಮೊದಲು ಕೇಳಿದ್ದು, "ಬಾವಿಗೆ ಪೌಡರು ಹಾಕ್ತಾರಾ ಈಗ?" ಎಂದು.

ಹಾಕುತ್ತಾರೆ ಎಂದು ಸುಳ್ಳು ಹೇಳಿದೆ. ಆಮೇಲೆ ಕೇಳಿದೆ, "ಯಾಕೆ ಸಾರ್ ನಿಮ್ಮ ಮೇಲೆ ಹಾಕಿಕೊಂಡಿರಿ?"

"ನೀವು ಬರೆದಿರಿ, ಹೌದು. ಓದಿ ಚಂದ ಉಂಟು ಅಂದವ ನಾನು. ಚಂದ ನೋಡುದು ಡಾಕ್ಟರ ಕೆಲಸವಾ?" ಎಂದರು. "ಮತ್ತೆ, ನಿಮ್ಮದು ಸಣ್ಣ ಪ್ರಾಯ. ಕೆಲಸ ಹೋಗ್ತಿತ್ತು."

ನಾನು ಅತ್ತೆ. ಅಳು ನಿಲ್ಲುವವರೆಗೂ ಅವರು ಕಾದರು. ಕಡೆಗೆ ಹೊರಡುವಾಗ ಬಾಗಿಲವರೆಗೂ ಬಂದು ಹೇಳಿದರು: "ಒಂದು ಕೆಲಸ ಮಾಡಿ. ಆ ಮನೆಗೆ ಹೋಗಿ ನಿಜ ಹೇಳಿ ಬನ್ನಿ. ನನ್ನ ಹೆಸರಿಗಾಗಿ ಅಲ್ಲ ಮಾರಾಯ್ರೆ. ಡಾಕ್ಟರು ಅಂದ್ರೆ ಕೊಲ್ಲುವವರು ಅಂತ ಆ ಹೆಂಗಸಿನ ತಲೆಯಲ್ಲಿ ಕೂತಿದೆ. ಅಲ್ಲಿ ಇನ್ನೂ ಒಬ್ಬಳು ಮಗಳಿದ್ದಾಳೆ. ಅವಳಿಗೆ ನಾಳೆ ಜ್ವರ ಬಂದ್ರೆ?"

ಒಬ್ಬಳು ಮಗಳು ಎಂದರು. ಇಬ್ಬರು ಮಕ್ಕಳಲ್ಲವೇ, ಇವರಿಗೆ ಮರೆವು ಬಂದಿದೆ ಅಂದುಕೊಂಡೆ. ಹೋಗಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಸ್ಸು ಹತ್ತಿದೆ.

ಹೋಗಲಿಲ್ಲ. ಈ ಸಂತೆಗೆ, ಬರುವ ಸಂತೆಗೆ ಎಂದು ದಿನ ನೂಕಿದೆ. ತೀರ್ಥಹಳ್ಳಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು, ರಿಟೈರಾಗಿ ಮತ್ತೆ ಇದೇ ಪೇಟೆಗೆ ಬಂದು ಮನೆ ಕಟ್ಟಿದೆ. ಡಾಕ್ಟರು ತೀರಿಕೊಂಡ ಸುದ್ದಿ ಯಾವಾಗಲೋ ಬಂತು. ಹೂವಮ್ಮ ಹೋದ ಸುದ್ದಿಯೂ ಬಂತು. ಆಗ ನನಗೆ ದುಃಖವಾಯಿತು ಎನ್ನಲಾರೆ. ಇನ್ನು ಹೇಳುವ ಅಗತ್ಯವಿಲ್ಲ ಎಂದು ಹಗುರವಾಗಿತ್ತು. ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಪೆನ್ಸಿಲಿನ ಚೀಟಿಯನ್ನು ಮಾತ್ರ ಎಲ್ಲಿ ಹೋದರೂ ಜೊತೆಗೆ ಇಟ್ಟುಕೊಂಡಿದ್ದೆ.

ಮೊನ್ನೆ ಆ ಮೈಕು ಕೇಳಿದ ಮೇಲೆ ಸೆಟ್ಟು ಹಾಕಿಕೊಂಡು, ಅಂಗಿ ತೊಟ್ಟು, ಚೀಟಿ ಕಿಸೆಯಲ್ಲಿಟ್ಟು ಬಾಡಿಗೆ ಆಟೋ ಹಿಡಿದೆ. ಈಗ ಅಲ್ಲಿಯವರೆಗೆ ಟಾರು ಇದೆ. ಬಿಡಾರ ಇದ್ದ ಕಡೆ ಆರ್‌ಸಿಸಿ ಮನೆ. ಮಗಳು ಚೌಡಮ್ಮ ಅಂಗಳದಲ್ಲಿ ಶುಂಠಿ ಹರವುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಮದುವೆಯಾದ ಮೇಲೂ ಗಂಡನೇ ಇಲ್ಲಿಗೆ ಬಂದು ಉಳಿದನಂತೆ. ನಾನು ಹಳೇ ಪಂಚಾಯಿತಿ ಗುಮಾಸ್ತ ಎಂದೆ. "ಬನ್ರಾ, ಕೂತ್ಕಳಿ" ಎಂದು ಕುರ್ಚಿ ಹಾಕಿ, ನೀರು ಬೆಲ್ಲ ತಂದಿಟ್ಟಳು. ಕುಡಿಯುವ ಮೊದಲೇ ಹೇಳಿಬಿಡಬೇಕು ಎಂದು ಎಲ್ಲವನ್ನೂ ಹೇಳಿದೆ. ಈ ಸಲ ಒಂದೂ ದೊಡ್ಡ ಪದ ಹಾಕಲಿಲ್ಲ.

ಅವಳು ಶುಂಠಿಯ ಮಣ್ಣು ಕೆರೆಯುತ್ತಲೇ ಕೇಳಿದಳು. ಮುಗಿದ ಮೇಲೆ ನಾನು ಚೀಟಿ ಕೊಟ್ಟೆ. ಮಡಿಕೆಯ ಜಾಗದಲ್ಲಿ ಹರಿದುಹೋಗಿದೆ, ಆದರೂ ಅಕ್ಷರ ಕಾಣುತ್ತದೆ. ಸೆರಗಿಗೆ ಕೈ ಒರೆಸಿಕೊಂಡು ದೂರ ಹಿಡಿದು, ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಓದಿದಳು: "ಸತ್ತ ಮಂಗ ಕಂಡರೆ ಮುಟ್ಟಬೇಡಿ. ನನಗೆ ಹೇಳಿ. ನಾನೇ ಬರುತ್ತೇನೆ."

ಚೀಟಿಯನ್ನು ಮಡಿಚಿ ಕೈಯಲ್ಲಿ ಹಿಡಿದಳು. "ಬಂದಿದ್ರು" ಎಂದಳು.

"ಯಾರು?"

"ಡಾಕ್ಟ್ರು. ಅಪ್ಪ ಹೋದ ಮೇಲಿನ ಮಳೆಗಾಲ್ದಾಗೆ ತಮ್ಮಂಗೆ ಜ್ವರ ಬಂತು. ಯಾರೋ ಹೇಳಿದ್ರು ಅಂತ ಕಾಣ್ತದೆ, ಛತ್ರಿ ಹಿಡ್ಕಂಡು ಬಂದ್ರು. ಅವ್ವ ಬಾಗ್ಲು ಹಾಕಿ ಅಗಳಿ ಇಟ್ಲು. 'ನನ್ನ ಬೈಯಿರಿ ಅಕ್ಕಾ, ಮಗೂನ ತೋರ್ಸಿ' ಅಂತ ಹೊರಗೆ ನಿಂತು ಹೇಳ್ತಾನೇ ಇದ್ರು. ನಾ ಕಿಂಡಿಯಾಗೆ ನೋಡ್ತಿದ್ದೆ. ಬದುವಿನ ಮೇಲೆ ಕೂತ್ರು. ಎರಡು ದಿನ ಬಂದ್ರು. ಮೂರನೇ ದಿನ ಬರೋ ಹೊತ್ತಿಗೆ ತಮ್ಮ ಇರ್ಲಿಲ್ಲ."

ಇನ್ನೂ ಒಬ್ಬಳು ಮಗಳು ಎಂದು ಅವರು ಹೇಳಿದ್ದರು. ಅದು ಮರೆವಾಗಿರಲಿಲ್ಲ. ನಾನು ಅತ್ತದ್ದನ್ನು ನೋಡಿ, ಹುಡುಗ ಹೋದದ್ದನ್ನು ಹೇಳದೆ ನುಂಗಿಕೊಂಡಿದ್ದರು.

"ಅವ್ವ ಸಾಯೋವರೆಗೂ ಆಸ್ಪತ್ರೆ ಮೆಟ್ಲು ಹತ್ಲಿಲ್ಲ" ಎಂದಳು ಚೌಡಮ್ಮ. "ಆ ಡಾಕ್ಟ್ರ ಹೆಸ್ರು ಹಿಡಿದು ಶಾಪ ಹಾಕ್ತಿದ್ಲು. ಅವ್ವ ಇದ್ದಾಗ ಬಂದು ಹೇಳ್ಬೇಕಿತ್ತು ನೀವು."

ಬೈಗುಳದ ದನಿ ಇರಲಿಲ್ಲ. ಇದ್ದಿದ್ದರೆ ವಾಸಿಯಾಗಿತ್ತು. ಹೌದು ಎಂದೆ. ಚೀಟಿ ತನಗೆ ಇರಲಿ ಎಂದು ಕೇಳಿದಳು. ಕೊಟ್ಟೆ. ದೇವರ ಗೂಡಿನಲ್ಲಿ ಇಡುತ್ತಾಳೋ ಒಲೆಗೆ ಹಾಕುತ್ತಾಳೋ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಎದ್ದು ಹೊರಟಾಗ ಹಿಂದಿನಿಂದ, "ಅಂಚಿನ ಗಿಡಕ್ಕೆ ತಾಗ್ಬೇಡಿ ಅಜ್ಜಾ, ಉಣುಗು ಇರ್ತಾವೆ" ಎಂದಳು.

ಇವತ್ತು ಬೆಳಿಗ್ಗೆ ಆಟೋ ಮತ್ತೆ ಬಂದಿತ್ತು. ಅದೇ ಹುಡುಗಿ, ಅದೇ ಮಾತು. ಮುಟ್ಟಬೇಡಿ ಎಂದಳು, ತಿಳಿಸಿ ಎಂದಳು, ಮೂರು ಸಲ, ಒಂದಕ್ಷರ ತಪ್ಪದೆ. ನಾನೇ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಹೊಡೆದುಹಾಕಿದವನು ನಾನು.